ಕರೆಂಟಿನ ಜೇಬುಗಳು

ದರ್ಜಿ ಅಂಗಡಿಯಲ್ಲಿ ಕೂತವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಅಳತೆ ಕೊಡಲು ಬಂದು ನಿಲ್ಲುತ್ತವೆ.

ಎಪ್ಪತ್ತರ ದಶಕದಲ್ಲಿ ಹೊಸದುರ್ಗದ ಬಸ್ ಸ್ಟ್ಯಾಂಡ್ ಎದುರಿಗೆ ನಮ್ಮ ಅಂಗಡಿ. ಎರಡು ಹೊಲಿಗೆ ಮಿಷನ್ನು, ಒಂದು ಕಟಿಂಗ್ ಟೇಬಲ್ಲು, ಅದರ ಹಿಂದೆ ಅಪ್ಪ, ಅಪ್ಪನ ಕೈಯಲ್ಲಿ ಕತ್ತರಿ. ನಮ್ಮ ಕಸುಬಿನಲ್ಲಿ ಕತ್ತರಿ ಹಿಡಿದವನೇ ಮಾಸ್ಟರು. ಉಳಿದವರು ಅವನು ಕತ್ತರಿಸಿ ಎಸೆದದ್ದನ್ನು ಹೊಲಿಯಬೇಕು. ನನಗೆ ಮೀಸೆ ಬಂದು ಎಷ್ಟೋ ಕಾಲವಾಗಿದ್ದರೂ ಕಾಜ, ಗುಂಡಿ, ಅಂಚು ಬಿಟ್ಟು ಬೇರೆ ಕೆಲಸವಿರಲಿಲ್ಲ. ಯಾರಾದರೂ ಹೊಸ ಟೆರಿಕಾಟ್ ಪೀಸು ತಂದು ಬಿಚ್ಚಿದರೆ ಸಾಕು, ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. "ಅಪ್ಪ, ಇದೊಂದು ನಾನು ಕತ್ತರಿಸ್ಲಾ?" ಎಂದರೆ ಅಪ್ಪನಿಗೆ ಕೇಳಿಸುತ್ತಿರಲಿಲ್ಲ. ನಾಟಕವಲ್ಲ, ನಿಜಕ್ಕೂ ಕೇಳಿಸುತ್ತಿರಲಿಲ್ಲ. ಮಿಷನ್ ಸದ್ದಿನಲ್ಲೇ ಆಯುಷ್ಯ ಕಳೆದು ಕಿವಿ ಮಂದವಾಗಿತ್ತು. ಒಪ್ಪಿಕೊಳ್ಳಬೇಕಲ್ಲ! "ಈಗಿನ ಜನಕ್ಕೆ ಗಂಟ್ಲೇ ಇಲ್ಲ, ಎಲ್ರೂ ಪಿಸಿಪಿಸಿ ಅಂತಾರೆ" ಎನ್ನುತ್ತಿದ್ದ. ಹಾಗಾಗಿ ನಾನು ಮನಸ್ಸಿಗೆ ಬಂದದ್ದನ್ನು ಮಿಷನ್ ತುಳಿಯುತ್ತ ಗೊಣಗಿಕೊಳ್ಳುವುದನ್ನು ರೂಢಿ ಮಾಡಿಕೊಂಡೆ.

ಅಷ್ಟರಲ್ಲಿ ಜನ ಸೆಲ್ ಹಾಕುವ ಸಾಮಾನುಗಳನ್ನು ಮೈಮೇಲೆ ಹಾಕಿಕೊಂಡು ಓಡಾಡಲು ಶುರು ಮಾಡಿದರು. ಅವಕ್ಕೆಲ್ಲ ಜೇಬು ಬೇಕು. ಅಪ್ಪ ಕೈಚೆಲ್ಲಿದ. "ಕರೆಂಟಿನ ಬಟ್ಟೆ ನಂಗೊತ್ತಿಲ್ಲ. ಅದನ್ನ ನೀನ್ ನೋಡ್ಕ. ಒಂದಾದ್ರೂ ಮರ್ಯಾದೆಯಾಗಿ ಮಾಡಿ ತೋರ್ಸು." ತೋರಿಸಿದರೆ ಕತ್ತರಿ ಸಿಕ್ಕೀತು ಅಂದುಕೊಂಡೆ.

ಕಂಬಳಿಯೊಳಗಿನ ರೇಡಿಯೋ

ಮೊದಲು ಬಂದವನು ಮತ್ತೋಡಿನ ಕಡೆಯ ಕುರಿ ಕಾಯುವವನು. ಹೊಸ ಟ್ರಾನ್ಸಿಸ್ಟರ್ ಕೊಂಡಿದ್ದ. ಹೆಗಲಿಗೆ ನೇತುಹಾಕಿದರೆ ಮುಳ್ಳಿನ ಗಿಡಕ್ಕೆ ಸಿಕ್ಕಿಕೊಳ್ಳುತ್ತದಂತೆ. ತಲೆಯ ಮೇಲೆ ಕಂಬಳಿ ಕೊಪ್ಪೆ ಹಾಕಿಕೊಂಡಾಗ ಕಿವಿಯ ಪಕ್ಕಕ್ಕೆ ರೇಡಿಯೋ ಕೂರುವ ಹಾಗೆ ಜೇಬು ಬೇಕು ಅಂದ. "ಆದ್ರೆ ಕಂಬ್ಳಿಗೆ ಕತ್ತರಿ ತಾಗಿಸ್ಬ್ಯಾಡಪ್ಪ. ನಮ್ಮಲ್ಲಿ ಕಂಬ್ಳಿ ಅಂದ್ರೆ ದೇವ್ರು."

ಕತ್ತರಿ ಕೊಡದ ಅಪ್ಪ, ಕತ್ತರಿ ತಾಗಿಸಬಾರದ ಗಿರಾಕಿ! ಒಳಗಡೆ ಖಾಕಿ ಬಟ್ಟೆಯ ಚೀಲ ಹೊಲಿದು ಕೊಟ್ಟೆ. ಅವನು ಖುಷಿಯಾಗಿ ಹೋದ.

ಅವನ ಅಭ್ಯಾಸವೇನೆಂದರೆ, ಸಂಜೆ ರೈತರ ಕಾರ್ಯಕ್ರಮದ ವಾದ್ಯ ಶುರುವಾಯಿತೆಂದರೆ ಕುರಿಗಳನ್ನು ಹಟ್ಟಿಗೆ ತಿರುಗಿಸುವುದು. ಕುರಿಗಳೂ ಕಲಿತುಬಿಟ್ಟವು. ವಾದ್ಯ ಕೇಳಿದರೆ ಸಾಕು, ಸದ್ದು ಬಂದ ಕಡೆಗೆ ನುಗ್ಗುತ್ತಿದ್ದವು. ಒಂದು ಸಂಜೆ ಅವನು ಮಂದೆಯನ್ನು ನಮ್ಮ ಬೀದಿಯಲ್ಲೇ ಹೊಡೆದುಕೊಂಡು ಬಂದ. ಅವತ್ತು ಅವನ ರೇಡಿಯೋದ ಸೆಲ್ ಮುಗಿದಿತ್ತು. ನಮ್ಮ ಪಕ್ಕದ ಹೋಟೆಲಿನ ರೇಡಿಯೋದಲ್ಲಿ ವಾದ್ಯ ಶುರುವಾಯಿತು. ಇಡೀ ಮಂದೆ ಹೋಟೆಲಿನೊಳಗೆ! ಗಿರಾಕಿಗಳು ಬೆಂಚಿನ ಮೇಲೆ ಹತ್ತಿ ನಿಂತರು. ಒಂದು ಟಗರು ಗಲ್ಲಾದ ಹತ್ತಿರವೇ ಹೋಗಿ ನಿಂತಿತು.

ಹೋಟೆಲಿನವರು ಕೂಗಾಡಿದರು: "ಏನಯ್ಯಾ ಇದು, ಹೊಡಿ ಆಚೆಗೆ!"

ಕುರಿಯವನು ಕಂಬಳಿ ಸರಿಮಾಡಿಕೊಂಡು ಹೇಳಿದ: "ನಂದೇನೈತ್ರಿ ತಪ್ಪು? ಅವ್ಕೆ ಟೈಮಾತು. ಮೊದ್ಲು ನಿಮ್ ರೇಡಿಯೋ ಬಂದ್ ಮಾಡ್ರಿ."

ಅಪ್ಪ ಬಾಗಿಲಲ್ಲಿ ನಿಂತು ನೋಡಿ, ಕತ್ತರಿಯನ್ನು ಟೇಬಲ್ಲಿನ ಡ್ರಾಯರಿಗೆ ಹಾಕಿ ಬೀಗ ಹಾಕಿದ.

ಸತ್ತವನ ಬೆಳಕು

ಬಬ್ಬೂರಿನ ನಾಟಕದವರು ರಾಕ್ಷಸನ ಕಿರೀಟಕ್ಕೆ ಟಾರ್ಚಿನ ಬಲ್ಬುಗಳನ್ನು ಕೂರಿಸಿದ್ದರು. ಸೆಲ್ಲುಗಳಿಗೆ ಸೊಂಟದಲ್ಲಿ ಜೇಬು, ತಂತಿಗೆ ಬೆನ್ನಿನ ಮೇಲೆ ಪಟ್ಟಿ, ಎಲ್ಲ ನಾನೇ ಹೊಲಿದೆ. ನೋಡಿಕೊಂಡು ಬರೋಣವೆಂದು ಹಿರಿಯೂರು ಬಸ್ಸು ಹಿಡಿದು ಹೋದೆ. ಮನಸ್ಸು ತಡೆಯಲಿಲ್ಲ.

ದೇವರ ವೇಷದವನು ರಾಕ್ಷಸನನ್ನು ಕೊಂದು ಕೆಡವಿದ ಗಳಿಗೆಗೆ ಸರಿಯಾಗಿ ಊರಿನ ಕರೆಂಟು ಹೋಯಿತು. ಎಲ್ಲ ಕಡೆ ಕತ್ತಲೆ. ಉರಿಯುತ್ತಿದ್ದದ್ದು ಹೆಣದ ಕಿರೀಟ ಒಂದೇ. ನಾಟಕ ನಿಲ್ಲಿಸುವಂತಿಲ್ಲ, ಮುಂದೆ ಮದುವೆಯ ದೃಶ್ಯ. ನಾಟಕದ ಮೇಷ್ಟ್ರು ಪರದೆಯ ಸಂದಿಯಿಂದ "ಲೇ, ಏಳೋ" ಎಂದರು. ಸತ್ತ ರಾಕ್ಷಸ ಎದ್ದು ನಡುವೆ ಚಕ್ಕಳಮಕ್ಕಳ ಹಾಕಿ ಕೂತ. ಯಾರು ಮಾತಾಡಿದರೆ ಅವರ ಮುಖಕ್ಕೆ ತಲೆ ಬಗ್ಗಿಸಿ ಬೆಳಕು ಬಿಟ್ಟ. ಅವನನ್ನು ಕೊಂದವನು ಅವನದೇ ಬೆಳಕಿನಲ್ಲಿ ಮಾಲೆ ಹಾಕಿಸಿಕೊಂಡ.

ಮುಂದೆ ಕೂತಿದ್ದ ಅಜ್ಜಿ ಕಣ್ಣೊರೆಸಿಕೊಂಡು ಅಂದಳು: "ಬದುಕಿದ್ದಾಗ ಕಾಟ ಕೊಟ್ಟ. ಸತ್ತ ಮ್ಯಾಲೆ ಎಷ್ಟು ಒಳ್ಳೇನಾದ ನೋಡು!"

ಗುಂಡಿ ಒತ್ತಿದವರು ಯಾರು

ಹೊಳಲ್ಕೆರೆಯ ಸ್ಕೂಲು ಮೇಷ್ಟ್ರೊಬ್ಬರಿಗೆ ಮುಂಬಯಿಯ ನೆಂಟರು ಹೊಸ ನಮೂನೆಯ ಕೈಗಡಿಯಾರ ತಂದುಕೊಟ್ಟಿದ್ದರು. ಮುಳ್ಳಿಲ್ಲ. ಕಪ್ಪು ಗಾಜು. ಗುಂಡಿ ಒತ್ತಿದರೆ ಕೆಂಪಗೆ ಅಂಕಿ ಮೂಡುತ್ತದೆ, ಬಿಟ್ಟರೆ ಮಾಯ. ಬಿಸಿಲಲ್ಲಿ ಕಾಣುವುದಿಲ್ಲ, ಒಂದು ಕೈಯಲ್ಲಿ ನೋಡಲಾಗುವುದಿಲ್ಲ. ಅಂಥದ್ದಕ್ಕೆ ಎಷ್ಟು ಜಂಬ! ತಮ್ಮ ಮದುವೆಗೆ ತುಂಬುತೋಳಿನ ಅಂಗಿ ಹೊಲಿಸಲು ಬಂದವರು, ತೋಳಿನ ಪಟ್ಟಿಯಲ್ಲಿ ಗಡಿಯಾರ ಕಾಣಲು ಕಿಟಕಿ ಬೇಕು ಅಂದರು. ಅಪ್ಪ "ಅಂಗಿಗ್ಯಾಕೆ ಕಿಟಕಿ, ಬಾಗ್ಲೇ ಇಕ್ಸಿಕಳ್ರಿ" ಎಂದು ಗೊಣಗುತ್ತ ತಾನೇ ಕತ್ತರಿಸಿದ. ಅಂಚು ಕಟ್ಟಿದ್ದು ಮಾತ್ರ ನಾನು.

ಚಿತ್ರದುರ್ಗದ ಛತ್ರದಲ್ಲಿ ಮದುವೆ. ಧಾರೆಯ ಹೊತ್ತಿಗೆ ಹಿರಿಯರ ಗಡಿಯಾರಗಳಲ್ಲಿ ಒಂದೊಂದು ಒಂದೊಂದು ಟೈಮು. ಒಬ್ಬರು ಮುಹೂರ್ತ ಮೀರಿತು ಅಂದರು, ಇನ್ನೊಬ್ಬರು ಇನ್ನೂ ಬಂದಿಲ್ಲ ಅಂದರು. ಮಾತಿಗೆ ಮಾತು ಬೆಳೆಯಿತು. ಪುರೋಹಿತರು ಬೇಸತ್ತು, "ಮದುಮಗನ ಗಡಿಯಾರವೇ ಸರಿ, ಅದನ್ನ ನೋಡ್ರಿ" ಅಂದರು.

ಮದುಮಗನ ಕೈಗಳೆರಡೂ ಮದುಮಗಳ ಕೈಯಡಿಯಲ್ಲಿ, ಮೇಲೆ ತೆಂಗಿನಕಾಯಿ. ಅಲ್ಲಾಡಿಸುವ ಹಾಗಿಲ್ಲ. ಅವರ ಮಾವನವರು ಕಿಟಕಿಯೊಳಗೆ ಬೆರಳು ತೂರಿಸಿ ತಡಕಾಡಿದರು, ಗುಂಡಿ ಸಿಗಲಿಲ್ಲ. ಅಲ್ಲಿಯವರೆಗೂ ತಲೆ ಎತ್ತದಿದ್ದ ಮದುಮಗಳು ಒಂದು ಬೆರಳು ಚಾಚಿ ಟಕ್ಕನೆ ಒತ್ತಿದಳು. ಕೆಂಪು ಅಂಕಿ ಮೂಡಿತು. ವಾಲಗ ಮೊಳಗಿತು.

ಆಮೇಲೆ ಮೇಷ್ಟ್ರು ಅಂಗಡಿಗೆ ಬಂದಾಗ, ಗಡಿಯಾರ ಹೇಗಿದೆ ಎಂದು ಕೇಳಿದೆ. "ಚೆನ್ನಾಗೈತಪ್ಪ. ನನ್ ಕೈಯಾಗೈತೆ, ಟೈಮ್ ಮಾತ್ರ ಅವ್ಳೇ ಹೇಳ್ತಾಳೆ" ಎಂದು ಪಾಠ ಹೇಳುವ ದೊಡ್ಡ ದನಿಯಲ್ಲಿ ಅಂದರು.

ಅವತ್ತು ಅಪ್ಪನೂ ನಕ್ಕ. ಇದೇ ಸಮಯವೆಂದು ಕತ್ತರಿಯ ಮಾತೆತ್ತಿದೆ. ಕೇಳಿಸಲಿಲ್ಲ. ನನಗೆ ಎಷ್ಟು ಉರಿಯಿತೆಂದರೆ, ಅಂಗಡಿ ಬಿಟ್ಟು ದಾವಣಗೆರೆಗೆ ಹೋಗಿ ಬೇರೆ ಮಾಸ್ಟರ ಹತ್ತಿರ ಸೇರಿಕೊಂಡುಬಿಡೋಣ ಅನ್ನಿಸಿತು.

ಅಪ್ಪನ ಜೇಬು

ಕೊನೆಗೆ ಭಾವ, ಅಂದರೆ ನನ್ನ ಅಕ್ಕನ ಗಂಡ, ಅಪ್ಪನನ್ನು ಬಲವಂತವಾಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಕಿವಿಯ ಮಿಷನ್ ಕೊಡಿಸಿದರು. ಅಂಗೈಯಗಲದ ಪೆಟ್ಟಿಗೆ, ಅದರಿಂದ ಕಿವಿಗೆ ಒಂದು ತಂತಿ. ಅಪ್ಪ ಯಾರಿಗೂ ಕಾಣದಂತೆ ಅದನ್ನು ಬನಿಯನ್ನಿನೊಳಗೆ ಸಿಕ್ಕಿಸಿಕೊಂಡ. ಸ್ವಲ್ಪ ಹೊತ್ತಿಗೇ ಕಿತ್ತುಹಾಕಿದ. "ಎದೆ ಮ್ಯಾಲೆ ಯಾರೋ ಜೋಳ ಬೀಸಿದಂಗೆ ಆಗ್ತೈತಲ್ಲೋ!"

"ಬಟ್ಟೆ ಉಜ್ಜಿದ್ ಸದ್ದು ಅದು" ಎಂದು ಸನ್ನೆ ಮಾಡಿ ತೋರಿಸಿದೆ. ಅಂಗಿಯ ಹೊರಗಡೆ, ಒಳಗೆ ಮೆತ್ತನೆ ಫ್ಲಾನೆಲ್ ಇಟ್ಟು ಜೇಬು ಹೊಲಿದೆ. ಜೀವನದಲ್ಲಿ ಮೊದಲ ಸಲ ಅಪ್ಪನ ಎದೆಗೆ ಟೇಪು ಹಿಡಿದಿದ್ದೆ. ಎಷ್ಟು ಸೊರಗಿದ್ದಾನಲ್ಲ ಅನ್ನಿಸಿತು.

ಅಪ್ಪ ಪೆಟ್ಟಿಗೆಯನ್ನು ಜೇಬಿಗೆ ಇಳಿಸಿ, ಗುಂಡಿ ತಿರುಗಿಸಿ, ಬೀದಿಯ ಕಡೆ ಮುಖ ಮಾಡಿ ಕೂತ. ಕೆಲಸ ಮಾಡುತ್ತಿದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ. ಮಿಷನ್ನಿಗೆ ಕೂತು, ದಾರ ಪೋಣಿಸುತ್ತ, ರೂಢಿಯಂತೆ ಗೊಣಗಿಕೊಂಡೆ: "ಇನ್ನಾದ್ರೂ ಆ ಕತ್ತರಿ ಬಿಡಪ್ಪ ಮಾರಾಯ."

ಅಪ್ಪ ನಿಧಾನವಾಗಿ ಈ ಕಡೆ ತಿರುಗಿದ.

"ಯಾವಾಗಿಂದ ಅಂತಿದೀಯ ಇದನ್ನ?"

ನನ್ನ ಕೈಯಿಂದ ದಾರ ಜಾರಿತು. "ಭಾಳ ವರ್ಷಾತಪ್ಪ."

"ಅದನ್ನೇ ಗಟ್ಟಿಯಾಗಿ ಅನ್ನಾಕೆ ಏನಾಗಿತ್ತೋ ನಿಂಗೆ?"

ಡ್ರಾಯರಿನ ಬೀಗ ತೆಗೆದ. ಕತ್ತರಿಯನ್ನು ಹಿಡಿಕೆ ನನ್ನ ಕಡೆಗೆ ಬರುವ ಹಾಗೆ ಟೇಬಲ್ಲಿನ ಮೇಲಿಟ್ಟ. ತನ್ನದೇ ಅಂಗಿಗೆಂದು ತಂದಿಟ್ಟುಕೊಂಡಿದ್ದ ಬಿಳಿ ಪೀಸನ್ನು ಬಿಚ್ಚಿ ಹಾಸಿದ. "ಹೂಂ, ಕತ್ತರ್ಸು."

ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿದೆ. ಕಣ್ಣು ಒದ್ದೆಯಾಗಿ ಗೆರೆಯೇ ಸರಿಯಾಗಿ ಕಾಣಲಿಲ್ಲ. ಧೈರ್ಯ ಮಾಡಿ ಒಂದು ಸಲ ಕಚಕ್ ಎನಿಸಿದೆ.

ಅಪ್ಪ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಎದೆಯ ಜೇಬಿಗೆ ಕೈ ಹಾಕಿ, ಕಿವಿಯ ಮಿಷನ್ನಿನ ಗುಂಡಿ ತಿರುಗಿಸಿ ಆಫ್ ಮಾಡಿದ.

"ನೀನ್ ಕತ್ತರ್ಸಪ್ಪ" ಅಂದ. "ಆ ಸದ್ದು ಕೇಳಿ ಬದುಕೋ ಶಕ್ತಿ ನಂಗಿಲ್ಲ."