ಇದರಲ್ಲಿ ಅಣಕು ಎಲ್ಲಿದೆ?

ಅಣಕು ಬರೆಯುವವನು ನಿಜ ಹೇಳಿದರೆ ಜನ ಮೊದಲು ಅವನ ಮುಖ ನೋಡುತ್ತಾರೆ, ಆಮೇಲೆ ಪಕ್ಕದವರ ಮುಖ ನೋಡುತ್ತಾರೆ. ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿರುವ ನಾನು ಬಿಡುವಿನಲ್ಲಿ ಸುತ್ತೋಲೆ, ಭಾಷಣ, ಸನ್ಮಾನಪತ್ರಗಳನ್ನು ಅಣಕಿಸಿ ಬರೆಯುತ್ತೇನೆ. ಅಂದಮೇಲೆ, ಇದೂ ಅಣಕೇ ಇರಬಹುದೇ ಅನ್ನುವ ಅನುಮಾನ ನನಗೆ ತಪ್ಪಿದ್ದಲ್ಲ.

ಸುತ್ತೋಲೆ

ರಾಜ್ಯೋತ್ಸವದ ಗೋಡೆಪತ್ರಿಕೆಗೆ ಒಂದು ಸುತ್ತೋಲೆ ಬರೆದೆ: ‘ಚಹಾ ವಿರಾಮದಲ್ಲಿ ನಗಲಿಚ್ಛಿಸುವವರು ಪೂರ್ವಾನುಮತಿ ಪಡೆಯತಕ್ಕದ್ದು.’ ಮಾರನೇ ದಿನ ಮ್ಯಾನೇಜರ್ ಕರೆಸಿ, ಬಾಗಿಲು ಹಾಕಲು ಹೇಳಿದರು. ಕೆಲಸ ಹೋಯಿತು ಅಂದುಕೊಂಡೆ.

“ಇದು ನೀವು ಬರೆದಿದ್ದಾ?”

“ಹೌದು ಸಾರ್, ತಮಾಷೆಗೆ.”

ಅವರು ಉಸಿರು ಬಿಟ್ಟರು. “ಬದುಕಿದೆ. ನಾನೇ ಯಾವಾಗಲೋ ಸಹಿ ಹಾಕಿರಬೇಕು ಅಂತ ಬೆಳಿಗ್ಗೆಯಿಂದ ಫೈಲ್ ಹುಡುಕಿಸ್ತಿದೀನಿ.”

ಬೂದಿಕೋಟೆ ಬಸ್ಸು

ಬಂಗಾರಪೇಟೆಯಲ್ಲಿ ಬಸ್ಸು ಹತ್ತಿ, ಸುತ್ತಲಿನ ಮಾತು ಕೇಳುತ್ತಾ ಚೀಟಿಯಲ್ಲಿ ಗೀಚುತ್ತಿದ್ದೆ. ಪಕ್ಕದಲ್ಲಿದ್ದ ಅಜ್ಜಿ ಬುಟ್ಟಿಯನ್ನು ಕಾಲಿನಡಿಗೆ ಎಳೆದುಕೊಂಡರು.

“ಏನಪ್ಪಾ ಬರ್ಕೊಂತಿರೋದು?”

“ಜನ ಮಾತಾಡೋದು ಅಜ್ಜಿ. ಓದಿದವರು ನಗಲಿ ಅಂತ.”

“ಯಾವ ಆಫೀಸು?”

“ಯಾವ ಆಫೀಸೂ ಅಲ್ಲ.”

“ಅಂಗಂದ್ರೆ ದೊಡ್ಡ ಆಫೀಸೇ,” ಅಂದವರು ಆಮೇಲೆ ತುಟಿ ಬಿಚ್ಚಲಿಲ್ಲ. ಬೂದಿಕೋಟೆಯಲ್ಲಿ ಇಳಿಯುವಾಗ ಮಾತ್ರ ಬಗ್ಗಿ, “ಈವಮ್ಮ ಏನೂ ಏಳ್ಲಿಲ್ಲ ಅಂತ ಬರ್ಕೊಂಬಿಡು,” ಅಂದರು.

ಬೀಳ್ಕೊಡುಗೆ

ನನಗೆ ಕೆಲಸ ಕಲಿಸಿದ ಹಿರಿಯ ಫಿಟ್ಟರ್ ನಿವೃತ್ತರಾದರು. ಅವರನ್ನು ಅಣ್ಣ, ಅವರ ಹೆಂಡತಿಯನ್ನು ಅತ್ತಿಗೆ ಅಂತಲೇ ಕರೆಯುತ್ತಿದ್ದೆ. ಅವತ್ತು ಅಣಕು ಬೇಡ, ಮನಸ್ಸಿನಲ್ಲಿದ್ದದ್ದನ್ನೇ ಹೇಳೋಣ ಅಂತ ಬರೆದುಕೊಂಡು ಹೋದೆ. ಅತ್ತಿಗೆಯೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು.

“ಅಣ್ಣ ಯಾರನ್ನೂ ಬೈದವರಲ್ಲ,” ಅಂದೆ. ಹಿಂದಿನ ಸಾಲಿನವರು ನಕ್ಕರು. “ಒಂದು ದಿನವೂ ತಡವಾಗಿ ಬಂದವರಲ್ಲ.” ಎಲ್ಲರೂ ನಕ್ಕರು. ನಾನು ಕಣ್ಣೊರೆಸಿಕೊಂಡೆ. “ಏನ್ ಆಕ್ಟಿಂಗು!” ಅಂತ ಯಾರೋ ಚಪ್ಪಾಳೆ ತಟ್ಟಿದರು. ವೇದಿಕೆಯಲ್ಲಿ ಅಣ್ಣನ ಮುಖ ಸಣ್ಣದಾಗುತ್ತಾ ಹೋಯಿತು. ಕೊನೆಗೆ ಮೈಕ್ ಹಿಡಿದು ಅವರು ಹೇಳಿದ್ದು ಒಂದೇ ಮಾತು: “ನನ್ಮೇಲೆ ಇಷ್ಟು ಸಿಟ್ಟಿದ್ರೆ ಮುಖಕ್ಕೇ ಏಳ್ಬೋದಿತ್ತಲ್ಲಾ.”

ಮನಸ್ಸು ತಡೆಯಲಿಲ್ಲ. ಮಾರನೇ ದಿನ ಭಾಷಣದ ಹಾಳೆ ಹಿಡಿದು ನಮ್ಮೂರಿನ ಮೈಸೂರು ಮೈನ್ಸ್ ಬಡಾವಣೆಯಲ್ಲಿದ್ದ ಅವರ ಮನೆಗೆ ಹೋದೆ. ಅಣ್ಣ ಎರಡು ಸಲ ಓದಿದರು, ತಿರುಗಿಸಿ ಹಿಂಬದಿಯನ್ನೂ ನೋಡಿದರು.

“ಇದ್ರಲ್ಲಿ ಅಣಕು ಎಲ್ಲೈತೆ?”

“ಎಲ್ಲೂ ಇಲ್ಲ ಅಣ್ಣ. ಎಲ್ಲಾ ನಿಜ.”

ಅವರ ಕಣ್ಣು ಒದ್ದೆಯಾಯಿತು. ನನ್ನ ಕೈ ಹಿಡಿದುಕೊಂಡರು. ಅಷ್ಟರಲ್ಲಿ ಅತ್ತಿಗೆ ಕಾಫಿ ತಂದು ಹಾಳೆಯತ್ತ ಬಗ್ಗಿ ನೋಡಿದರು.

“ನಿನ್ನೆ ಓದಿದ್ದು ಇದೇ ಅಲ್ವೇನಪ್ಪಾ? ಯಾರನ್ನೂ ಬೈದವರಲ್ಲ ಅಂದ್ಯಲ್ಲ, ಈ ಮನೇಗ್ ಬಂದ್ಮೇಲೆ ನಾನು ಅಷ್ಟು ನಕ್ಕಿದ್ದು ನಿನ್ನೇನೇ.”