ಮಾವನ ಅಂಗಡಿಯಲ್ಲಿ ವಿಶ್ವಸಾಹಿತಿಗಳ ಸತ್ಕಾರ

ಜಗತ್ತಿನ ಅತಿ ದೊಡ್ಡ ಸಾಹಿತ್ಯ ಪ್ರಶಸ್ತಿಗಳನ್ನು ವಿದೇಶದಲ್ಲಿ ಕೊಡುತ್ತಾರೆಂದು ನೀವು ನಂಬಿದ್ದೀರಾ? ಪಾಪ! ಅಲ್ಲಿ ನಡೆಯುವುದು ಬರೀ ಘೋಷಣೆ. ನಿಜವಾದ ಸತ್ಕಾರ ಸೊಲ್ಲಾಪುರದಲ್ಲಿ, ನಮ್ಮ ಸೋದರಮಾವನ ಚಾದರದ ಅಂಗಡಿಯಲ್ಲಿ!

ಗೆದ್ದವರ ಹೆಸರು ಪ್ರಕಟವಾದದ್ದೇ ತಡ, ಮಾವ ಮರಾಠಿ ಪತ್ರಿಕೆಯಿಂದ ಆ ಲೇಖಕರ ಫೋಟೋ ಕತ್ತರಿಸಿ, ಚೌಕಟ್ಟು ಹಾಕಿಸಿ, ಕುರ್ಚಿಯ ಮೇಲೆ ಕೂರಿಸುತ್ತಾನೆ. ಕುರ್ಚಿಗೆ ಶಾಲು, ಮುಂದೆ ತೆಂಗಿನಕಾಯಿ, ಫೋಟೋಕ್ಕೆ ಹೂವಿನ ಹಾರ. ಒಂದು ವರ್ಷ ಯುರೋಪಿನ ಯಾರೋ ಹಿರಿಯರ ಸತ್ಕಾರ ನಡೆದಾಗ ಪಕ್ಕದ ಅಂಗಡಿಯವರು ಟೊಪ್ಪಿಗೆ ತೆಗೆದು ಕೈಮುಗಿದರು.

"ಯಾವಾಗ ಹೋದ್ರರಿ? ನಿಮಗ ಏನಾಗ್ಬೇಕು?"

"ಹೋಗಿಲ್ಲೋ ಯಪ್ಪಾ, ಗೆದ್ದಾರ! ಪೇಢಾ ತಿನ್ನು!"

ಅವರು ಪೇಢೆಯನ್ನೇನೋ ತಿಂದರು. ಆದರೂ ಮರ್ಯಾದೆಗೆಂದು ಅರ್ಧ ದಿನ ಅಂಗಡಿ ಮುಚ್ಚಿದರು!

ಆಮೇಲೆ ಗೆದ್ದವರ ಪುಸ್ತಕವನ್ನು ಮಾವ ಮರಾಠಿ ಅನುವಾದದಲ್ಲಿ ಓದುತ್ತಾನೆ. ಮುಗಿಸಿ ಪ್ರತಿಸಲವೂ ಒಂದೇ ನಿಟ್ಟುಸಿರು: "ನಮ್ಮ ಮನಿ ಮಾತು ಕನ್ನಡಕ್ಕ ಈ ಪ್ರಶಸ್ತಿ ಯಾವಾಗ ಬರ್ತದೋ!"

ಕಡೆಗೂ ಕನ್ನಡದ ಪುಸ್ತಕವೊಂದಕ್ಕೆ ಅಂಥದೊಂದು ಪ್ರಶಸ್ತಿ ಬಂತು. ಮಾವ ಪುಸ್ತಕವನ್ನು ಎದೆಗವಚಿಕೊಂಡು ಎಸ್‌ಟಿ ಬಸ್ಸು ಹತ್ತಿ ಅಕ್ಕಲಕೋಟೆಗೆ, ಕನ್ನಡ ಶಾಲೆಯ ಮಾಸ್ತರನಾದ ನನ್ನ ಮನೆಗೆ ಬಂದ. ಮುಖ ಮಾತ್ರ ಸಪ್ಪಗಿತ್ತು. ಯಾಕೆಂದರೆ ಅವನು ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡದ ಒಂದಕ್ಷರವೂ ಬಾರದು!

"ಕೊಡು ಮಾವಾ, ನಾ ಓದಿ ಹೇಳ್ತೀನಿ."

"ಬ್ಯಾಡ. ನಾನೇ ಓದಬೇಕು. ಅಕ್ಷರ ಕಲಸು."

ಎಪ್ಪತ್ತು ದಾಟಿದ ಶಿಷ್ಯ! ಪ್ರತಿ ಭಾನುವಾರ ಪಾಟಿ-ಬಳಪ ಹಿಡಿದು ಹಾಜರು. ಬರೆದ ಅಕ್ಷರದ ತಲೆಯ ಮೇಲೆಲ್ಲ ಮರಾಠಿಯ ಹಾಗೆ ಉದ್ದ ಗೆರೆ ಎಳೆಯುತ್ತಿದ್ದ. ಬೇಡವೆಂದರೆ ನನ್ನನ್ನೇ ದಬಾಯಿಸುತ್ತಿದ್ದ: "ಮಾಳಿಗಿ ಇಲ್ಲದ ಮನಿ ಆದಂಗಾತಲ್ಲೋ! ಮಳಿ ಬಂದ್ರ?"

ಮೊನ್ನೆ ಮೊದಲ ಪುಟಕ್ಕೆ ಬಂದ. ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು, ಓಣಿಗೆಲ್ಲ ಕೇಳುವಂತೆ ಓದಿದ. ಒಂದು ಪುಟಕ್ಕೆ ಒಂದು ತಾಸು! ನನಗೆ ನಗು ತಡೆಯಲಿಲ್ಲ.

"ಮಾವಾ, ಮನಸಿನ್ಯಾಗ ಓದಿದ್ರ ಲಗೂ ಆಗ್ತದ."

ಮಾವ ಪುಸ್ತಕದಿಂದ ಬೆರಳು ತೆಗೆಯಲಿಲ್ಲ.

"ಸಾಲಿಯಿಂದ ಬಂದು ದಿನಾ ಅವ್ವಗ ಓದಿ ತೋರಸ್ತಿದ್ದೆ. ಎಲ್ಲಾ ಮರಾಠಿ. ಆಕಿಗಿ ಒಂದು ಮಾತೂ ತಿಳೀತಿರಲಿಲ್ಲ. ರೊಟ್ಟಿ ಬಡಕೋತ 'ಚಲೋ ಐತಿ, ಇನ್ನಷ್ಟು ಓದಪಾ' ಅಂತಿದ್ಳು."

ನನ್ನ ನಗು ನಿಂತಿತು. ತೀರಿಹೋದ ಅಜ್ಜಿ ಈಗ ಇರಬೇಕಿತ್ತೆಂದು ನನಗೂ ಅನಿಸಿತು.

"ಇದು ತಿಳೀತಿತ್ತು ಆಕಿಗಿ," ಎಂದು ಮಾವ ಪುಟ ತಿರುವಿ, ದನಿಯನ್ನು ಇನ್ನಷ್ಟು ಏರಿಸಿ ಓದತೊಡಗಿದ.