ಹನಿಯ ಹಂಬಲಕ್ಕೆ ಹೊಸ ಹೆಸರು

ಹೆಸರಿಡುವ ಕೆಲಸವನ್ನು ಗಂಡಸರ ಕೈಗೆ ಕೊಡಬಾರದು ಎಂಬುದು ನನ್ನ ಅಭಿಪ್ರಾಯ. ಮಗುವಿಗಾದರೆ ಅಜ್ಜಿ, ಸೋದರತ್ತೆಯರೆಲ್ಲ ಸೇರಿ ತಿದ್ದುತ್ತಾರೆ. ನಮ್ಮ ಯಜಮಾನರು ಹೆಸರಿಟ್ಟದ್ದು ನಲ್ಲಿ, ಕುಕ್ಕರು, ಫ್ಯೂಸುಗಳಿಗೆ. ಅವುಗಳ ಪರವಾಗಿ ಮಾತಾಡುವವರು ಯಾರೂ ಇರಲಿಲ್ಲ.

ನಿವೃತ್ತರಾದ ಮೇಲೆ ಅವರು ಬನಶಂಕರಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿಗೊಂದು ಮೈಕು ಸಿಕ್ಕಿಸಿಕೊಂಡು, ಮನೆಯ ಸಣ್ಣಪುಟ್ಟ ರಿಪೇರಿಗಳ ಬಗ್ಗೆ ಮಾತಾಡಿ ಇಂಟರ್ನೆಟ್ಟಿಗೆ ಏರಿಸುತ್ತಿದ್ದರು. ಪಾಡ್‌ಕಾಸ್ಟ್ ಅಂತೆ. ಆಗ ನಮ್ಮ ಬೀದಿಯಲ್ಲಿ ಆ ಪದ ಕೇಳಿದ್ದವರೇ ಇರಲಿಲ್ಲ. "ರೇಡಿಯೋ ಇದ್ದಂಗೆ ಕಣೇ, ಯಾರು ಬೇಕಾದ್ರೂ ಯಾವಾಗ ಬೇಕಾದ್ರೂ ಕೇಳಬಹುದು" ಎಂದರು. "ಈಗ ಯಾರು ಕೇಳ್ತಿದಾರೆ?" ಎಂದೆ. "ಮುಂದೆ ಕೇಳ್ತಾರೆ" ಎಂದರು. ಮುಂದೆ ಎನ್ನುವುದು ಅವರ ಪಾಲಿಗೆ ಹೆಚ್ಚು ಉಳಿದಿರಲಿಲ್ಲ. ಅದು ಇಬ್ಬರಿಗೂ ಗೊತ್ತಿರಲಿಲ್ಲ.

ಅವರು ಹೋದ ಮೇಲೆ ಬೆಳಗಿನ ಕಾಫಿಯ ಹೊತ್ತಿಗೆ ಅವರು ಏರಿಸಿದ್ದ ಒಂದೊಂದೇ ಮಾತನ್ನು ಹಾಕಿಕೊಂಡು ಕೇಳತೊಡಗಿದೆ. ಪುಟದ ಕೆಳಗೆ ಎಷ್ಟು ಜನ ಕೇಳಿದರೆಂದು ತೋರಿಸುವ ಅಂಕಿ ದಿನದಿನಕ್ಕೂ ಏರುತ್ತಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ, ನಾನು ಕೆಲಸ ಮಾಡುವ ಆಫೀಸಿನಲ್ಲಿ ವೆಬ್‌ಸೈಟ್ ನೋಡಿಕೊಳ್ಳುವ ಸುನಂದಾಳಿಗೆ ತೋರಿಸಿದೆ. ಬಾಗಲಕೋಟೆ ಕಡೆಯ ಹುಡುಗಿ, ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದಳು. ಅವಳು ಅದನ್ನೂ ಇದನ್ನೂ ಒತ್ತಿ ನೋಡಿ, "ಅಕ್ಕಾರ, ಇಷ್ಟೂ ಸಲ ಕೇಳಿದವರು ನೀವ ಅದೀರಿ" ಎಂದಳು.

ಅವಳು ಅಷ್ಟಕ್ಕೇ ಬಿಡಲಿಲ್ಲ. "ಹೆಸರು ನೋಡ್ರಿ ಇವು! 'ಒಳಗುದಿ' ಅಂದ್ರ ಏನ್ರಿ?"

"ಕುಕ್ಕರ್ ಸೀಟಿ ಹಾಕದಿದ್ದರೆ ಏನು ಮಾಡಬೇಕು ಅಂತ."

"ಮತ್ತ 'ಹನಿಯ ಹಂಬಲ'?"

"ನಲ್ಲಿ ಸೋರೋದು."

"ಅಡಿಗಿಮನ್ಯಾಗ ನೀರ ತುಂಬಿದಾಗ ಯಾರರ ಹನಿಯ ಹಂಬಲ ಅಂತ ಹುಡುಕ್ತಾರೇನ್ರಿ? ಮನ್ಯಾಗ ಏನರ ಕೆಟ್ಟಾಗ ಮನುಷ್ಯಾ ಕವನ ಹುಡುಕಂಗಿಲ್ಲ ಅಕ್ಕಾರ. ನಲ್ಲಿ ಸೋರಾಕತ್ತೈತಿ, ಏನ ಮಾಡ್ಲಿ ಅಂತಾನ. ನಾವು ನಳ ಅಂತೀವಿ, ಅದನ್ನೂ ಸೇರಸ್ರಿ."

ಇಟ್ಟವರಿಲ್ಲದಾಗ ಹೆಸರು ಬದಲಿಸುವುದು ಸರಿಯೇ ಎಂದು ಬಹಳ ಯೋಚಿಸಿದೆ. ಅವರ ಅಂಗಿಗಳನ್ನು ಕೊಟ್ಟುಬಿಡುವಾಗಲೂ ಇಷ್ಟು ಯೋಚಿಸಿರಲಿಲ್ಲ. ಆದರೆ ಅಂಗಿಯನ್ನು ಈಗ ಯಾರೋ ಹಾಕಿಕೊಂಡಿದ್ದಾರೆ. ದನಿ ಮಾತ್ರ ನನ್ನೊಬ್ಬಳ ಕಾಫಿಯ ಜೊತೆ ಆರುತ್ತಿತ್ತು. ಕಂಪ್ಯೂಟರಿನ ಮುಂದೆ ಕೂತೆ. ಪಾಸ್‌ವರ್ಡ್ ನನ್ನ ಹೆಸರೇ. ಹೆಸರಿನ ವಿಷಯದಲ್ಲಿ ಅವರು ಸರಳವಾಗಿದ್ದದ್ದು ಅದೊಂದೇ ಸಲ. 'ಹನಿಯ ಹಂಬಲ' ಹೋಗಿ 'ನಲ್ಲಿ ಸೋರಿದರೆ ವಾಷರ್ ಬದಲಿಸುವುದು ಹೇಗೆ' ಆಯಿತು. ಕೆಳಗೆ ಮಾತಿನ ಸಾರಾಂಶ ಬರೆದೆ, ನಳವನ್ನೂ ಸೇರಿಸಿದೆ. ಮನಸ್ಸು ತಡೆಯದೆ ಕಟ್ಟಕಡೆಗೆ ಸಣ್ಣ ಅಕ್ಷರದಲ್ಲಿ ಹಳೆಯ ಹೆಸರನ್ನೂ ಉಳಿಸಿದೆ.

ತಿಂಗಳುಗಳಾದರೂ ಏನೂ ಆಗಲಿಲ್ಲ. "ಇಂಟರ್ನೆಟ್ಟಿನ್ಯಾಗ ಹುಡುಕೂ ಯಂತ್ರ ಬಂದು ನಿಮ್ಮ ಪುಟಾ ಓದಬೇಕ್ರಿ, ನಂಬಬೇಕ್ರಿ. ತಡಾ ಆಗ್ತೈತಿ" ಎಂದಳು ಸುನಂದಾ. "ಊರಾಗ ನಳ ಸೋರೂದು ನಿಲ್ಲೂದಿಲ್ಲ. ಬಂದ ಬರ್ತಾರ."

ಬಂದರು. ಒಂದು ಭಾನುವಾರ ನಲ್ಲಿಯ ಪುಟದ ಕೆಳಗೆ ಯಾರೋ ಬರೆದಿದ್ದರು: "ಸಾರ್, ಚಿಕ್ಕಲಸಂದ್ರದಿಂದ. ನೀವು ಹೇಳ್ದಂಗೇ ವಾಷರ್ ಹಾಕ್ದೆ. ಸೋರೋದು ಸಖತ್ತಾಗಿ ನಿಂತೋಯ್ತು. ಆದ್ರೆ ಈಗ ನೀರೇ ಬರ್ತಿಲ್ಲ. ಮನೇಲಿ ಬೈತಿದಾರೆ. ಬೇಗ ಹೇಳಿ ಸಾರ್."

ಸಾರ್ ಇಲ್ಲ ಎಂದು ಬರೆಯಲು ಹೊರಟೆ. ಬೆರಳು ಮುಂದುವರಿಯಲಿಲ್ಲ. ಬರೆದರೆ ಮುಂದೆ ಬರುವವರೆಲ್ಲ ರಿಪೇರಿ ಬಿಟ್ಟು ಸಂತಾಪ ಹೇಳುತ್ತಾರೆ. ಫೋಟೋಗೆ ಹಾರ ಹಾಕಿದ್ದೇನೆ. ದನಿಗೂ ಹಾಕಲು ಕೈ ಬರಲಿಲ್ಲ. ಆದರೆ ಸುಮ್ಮನಿದ್ದರೆ ಚಿಕ್ಕಲಸಂದ್ರದ ಆ ಮನೆಯಲ್ಲಿ ಪಾತ್ರೆ ತೊಳೆಯುವುದು ಹೇಗೆ? ನನಗೋ ವಾಷರ್ ಯಾವ ಕಡೆ ಕೂರುತ್ತದೆಂದೂ ಗೊತ್ತಿಲ್ಲ. ನಲ್ಲಿಯ ಆ ಮಾತನ್ನೇ ಮತ್ತೆ ಹಾಕಿದೆ.

ವಾಷರ್ ವಿಷಯ ಮುಗಿಯಿತು. ನಂತರ ಅವರ ಮಾಮೂಲು ಹರಟೆ: "ನಮ್ಮನೆಯಾಕೆ ನಲ್ಲಿ ನಿಲ್ಲಿಸೋದು ಕುಸ್ತಿ ಆಡೋರ ಥರ. ಕತ್ತು ಹಿಡಿದು ತಿರುವ್ತಾಳೆ. ಇನ್ನು ವಾಷರ್ ಎಲ್ಲಿ ಉಳಿಯತ್ತೆ? ಹೇಳೋಕೆ ಹೋದ್ರೆ ನನ್ನ ಕತ್ತು." ಅವರ ನಗು. ಕುರ್ಚಿ ಕಿರುಗುಟ್ಟಿದ ಸದ್ದು. ಆಮೇಲೆ, ಯಾವುದೋ ಮರೆತದ್ದು ನೆನಪಾದವರಂತೆ: "ಹಾಂ, ಶುರುವಿನಲ್ಲಿ ಮುಚ್ಚಿದ್ರಲ್ಲ ವಾಲ್ವ್, ಅದನ್ನ ಓಪನ್ ಮಾಡಿ. ಇಲ್ಲದಿದ್ರೆ ನೀರು ಬರಲ್ಲ."

ಹುಡುಕಿಕೊಂಡು ಬಂದವರು ಬೇಕಾದಷ್ಟು ಕೇಳಿ ಎದ್ದುಹೋಗುತ್ತಾರೆ. ನಾನೂ ಅವರ ಹರಟೆ ಶುರುವಾಗುತ್ತಲೇ ಅಡುಗೆಮನೆಗೆ ಎದ್ದುಹೋಗುತ್ತಿದ್ದವಳೇ. "ಕೊನೆಯವರೆಗೂ ಕೇಳಿ" ಎಂದಷ್ಟೇ ಬರೆದೆ.

ಸಂಜೆಗೆ ಉತ್ತರ ಬಂತು: "ನೀರು ಬಂತು ಸಾರ್, ಥ್ಯಾಂಕ್ಸ್. ಮೇಡಂಗೂ ನಮಸ್ಕಾರ ಹೇಳಿ. ನಲ್ಲಿ ಸ್ವಲ್ಪ ನಿಧಾನಕ್ಕೆ ತಿರುಗಿಸೋಕೆ ಹೇಳಿ."

ಕೆಳಗೆ "ಹೇಳಿದ್ದೇನೆ. ಅವಳು ಕೇಳುವ ಪೈಕಿ ಅಲ್ಲ" ಎಂದು ಬರೆದು, ಎದ್ದು ಹೋಗಿ, ತೊಟ್ಟಿಕ್ಕುತ್ತಿದ್ದ ನಮ್ಮ ನಲ್ಲಿಯ ಕತ್ತು ಹಿಡಿದು ಬಲವಾಗಿ ತಿರುವಿದೆ.